ಎರಡು ಹಾಳೆಗಳ ಅಂಚಿನ ಊರು

ಧಾರವಾಡ ಸರ್ವೆ ಆಫ್ ಇಂಡಿಯಾದ ಒಂದೇ ಹಾಳೆಯಲ್ಲಿ ಪೂರ್ತಿ ಸಿಗುವುದಿಲ್ಲ. 75 ಡಿಗ್ರಿ ಪೂರ್ವ ರೇಖಾಂಶ ಊರಿನೊಳಗೇ ಹಾಯ್ದು ಹೋಗುತ್ತದೆ. ಹುಬ್ಬಳ್ಳಿ ಕಡೆಯ ಭಾಗವೆಲ್ಲ 48 ಎಂ/3ರಲ್ಲಿ. ವಿಶ್ವವಿದ್ಯಾಲಯದ ಗುಡ್ಡ, ಕೆಲಗೇರಿ ಕೆರೆ 48 ಐ/15ರಲ್ಲಿ. 1996ರಲ್ಲಿ ಭೂಗೋಳದ ಎಂ.ಎಸ್ಸಿ.ಗೆ ಸೇರಿದ ನಮಗೆ ಪ್ರಾಯೋಗಿಕ ತರಗತಿಯಲ್ಲಿ ಕೈಗೆ ಬಂದ ಮೊದಲ ಕೆಲಸವೇ ಈ ಎರಡು ಹಾಳೆಗಳ ಅಂಚು ಕೂಡಿಸುವುದು. ಮಾಪಕ 1:50,000. ಗಾಜಿನ ಮೇಜಿನ ಕೆಳಗೆ ಟ್ಯೂಬ್‌ಲೈಟು, ಮೇಲೆ ಟ್ರೇಸಿಂಗ್ ಪೇಪರು, ಕೈಯಲ್ಲಿ ರೋಟ್ರಿಂಗ್ ಪೆನ್ನು. ಒಂದು ಹಾಳೆಯ ಕಂದು ಕಾಂಟೂರು ಅಂಚಿಗೆ ಬಂದು ನಿಂತಲ್ಲಿಂದಲೇ ಇನ್ನೊಂದು ಹಾಳೆಯ ಕಾಂಟೂರು ಹೊರಡಬೇಕು. ಎಷ್ಟೋ ಕಡೆ ಹೊರಡುತ್ತಿರಲಿಲ್ಲ. ಒಂದು ಎಳೆಯಷ್ಟು ಮೇಲೋ ಕೆಳಗೋ ಇರುತ್ತಿತ್ತು. "ಗೆರಿ ಅರ್ಧ ಮಿಲಿಮೀಟರ್ ಸರದ್ರ ನೆಲದ ಮ್ಯಾಲ ಇಪ್ಪತ್ತೈದು ಮೀಟರ್ ಸರದಂಗ ನೋಡ್ರಿ. ಅಷ್ಟರಾಗ ಒಂದು ಮನಿ, ಒಂದು ಬಾಂವಿ, ಒಂದು ದನದ ಕೊಟಗಿ ಇರತಾವ" ಎನ್ನುತ್ತಿದ್ದರು ನಮ್ಮ ಗುರುಗಳು. ಹಾಗೆಂದು ಯಾವ ಗೆರೆಯನ್ನೂ ನಮ್ಮಿಷ್ಟಕ್ಕೆ ಎಳೆದು ಕೂಡಿಸಲು ಬಿಡುತ್ತಿರಲಿಲ್ಲ. ಏಕೆ ಕೂಡಲಿಲ್ಲ ಎಂಬುದನ್ನು ಮೊದಲು ಬರೆಯಬೇಕಿತ್ತು. ಎರಡೂ ಹಾಳೆಗಳ ಸರ್ವೆ ಬೇರೆ ಬೇರೆ ವರ್ಷ ಆಗಿದೆಯೋ, ಕಾಗದ ಹಿಗ್ಗಿದೆಯೋ, ನಾವೇ ಮೂಲೆ ತಪ್ಪಿಸಿ ಅಂಟಿಸಿದ್ದೇವೋ? ಆಮೇಲೆ ಗೆರೆ.

ಆ ಹಾಳೆಗಳು ಆಗ ಬಲು ದೊಡ್ಡ ಆಸ್ತಿ. ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗೆ ಇರುತ್ತಿದ್ದವು. ರಿಜಿಸ್ಟರಿಗೆ ಸಹಿ ಹಾಕಿ ಪಡೆದು, ಸಂಜೆಯೊಳಗೆ ಹಿಂತಿರುಗಿಸಬೇಕು. ಕರಾವಳಿಯ ಮತ್ತು ದೇಶದ ಗಡಿಯ ಹಾಳೆಗಳು ನಿರ್ಬಂಧಿತ ವರ್ಗದವು. ನಮ್ಮ ಜೊತೆ ಕಾರವಾರದ ಹುಡುಗಿಯೊಬ್ಬಳಿದ್ದಳು. ಕಾಳಿ ನದಿಯ ಅಳಿವೆಯ ಮೇಲೆ ಪ್ರಬಂಧ ಬರೆಯಬೇಕೆಂದು ಅವಳ ಆಸೆ. ಅವಳು ಹುಟ್ಟಿ ಬೆಳೆದ ಊರಿನ ಹಾಳೆ ಅವಳಿಗೆ ಸಿಗಲಿಲ್ಲ. ಕೊನೆಗೆ ಗದಗ ಜಿಲ್ಲೆಯ ಭೂಬಳಕೆಯ ಮೇಲೆ ಬರೆದಳು. ಆ ಅನ್ಯಾಯ ನನಗೆ ಇವತ್ತಿಗೂ ಮರೆತಿಲ್ಲ.

ಉಪಗ್ರಹ ಚಿತ್ರ ನಮ್ಮ ಕೈಗೆ ಬಂದದ್ದು ಕಾಗದದ ರೂಪದಲ್ಲಿ. 1995ರ ಡಿಸೆಂಬರಿನಲ್ಲಿ ಹಾರಿದ್ದ ಐ.ಆರ್.ಎಸ್.-1ಸಿ ಉಪಗ್ರಹದ ಲಿಸ್-3 ಕ್ಯಾಮೆರಾದ್ದು. ಅದರ ಒಂದು ಚುಕ್ಕೆ ನೆಲದ ಮೇಲೆ 23.5 ಮೀಟರ್. ಹಸಿರೆಲ್ಲ ಕೆಂಪಾಗಿ ಕಾಣುವ ಮಿಥ್ಯಾವರ್ಣದ ಚಿತ್ರ ಅದು. ಅವತ್ತಿನ ತನಕ ಧಾರವಾಡವನ್ನು ಮಲೆನಾಡು ಮತ್ತು ಬಯಲುಸೀಮೆಯ ನಡುವಿನ ಊರು ಎಂದು ಕೇಳುತ್ತಲೇ ಬಂದಿದ್ದೆ. ಚಿತ್ರದಲ್ಲಿ ಅದನ್ನು ಕಣ್ಣಾರೆ ಕಂಡೆ. ಪಶ್ಚಿಮಕ್ಕೆ ಅಳ್ನಾವರ, ಹಳಿಯಾಳದ ಕಡೆ ಕೆಂಪು ದಟ್ಟವಾಗುತ್ತಾ ಹೋಗುತ್ತದೆ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯ ಎರಿ ಭೂಮಿ ಕಪ್ಪು ಬೂದಿ ಬಣ್ಣದಲ್ಲಿ ಚಾಚಿಕೊಂಡಿದೆ. ಉತ್ತರಕ್ಕೆ ಸವದತ್ತಿ ಹತ್ತಿರ ಮಲಪ್ರಭೆಯ ರೇಣುಕಾಸಾಗರ ಮಸಿ ಚೆಲ್ಲಿದ ಹಾಗೆ. ಆದರೆ ಬಣ್ಣವನ್ನು ನಂಬಿ ಕೂತರೆ ಮೋಸ. ಮಾವಿನ ತೋಪು, ನೀಲಗಿರಿ ನೆಡುತೋಪು, ಕಾಡು ಮೂರೂ ಕೆಂಪೇ. ಬಿತ್ತನೆಗೆ ಮುಂಚೆ ಮಳೆ ಬಿದ್ದು ನೆನೆದ ಎರಿ ಹೊಲಕ್ಕೂ ಸಣ್ಣ ಕೆರೆಗೂ ಒಂದೊಂದು ಸಲ ಫರಕೇ ತಿಳಿಯದು. ಯಾವ ತಿಂಗಳ ಚಿತ್ರ ಎಂದು ಮೊದಲು ನೋಡಬೇಕು, ಆ ತಿಂಗಳಲ್ಲಿ ಆ ನೆಲದಲ್ಲಿ ಏನು ಬೆಳೆ ನಿಂತಿರುತ್ತದೆ ಎಂದು ರೈತರನ್ನು ಕೇಳಬೇಕು. ಹಿಂಗಾರಿ ಜೋಳ, ಕಡಲೆ ಯಾವಾಗ ಬಿತ್ತುತ್ತಾರೆ ಎಂಬುದು ನಮ್ಮ ಪಠ್ಯಪುಸ್ತಕದ ಮಾತಾಗಿತ್ತು. ಚಿತ್ರ ಓದಲು ಕಲಿತ ಮೇಲೆ ಅದು ಬೇಕೇ ಬೇಕಾದ ತಿಳಿವಳಿಕೆಯಾಯಿತು.

ಎರಡನೇ ವರ್ಷ ಕಂಪ್ಯೂಟರ್. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗುವ ಕೋಣೆ, ಒಂದೇ ಡಿಜಿಟೈಸರ್ ಮೇಜು, ತಂತ್ರಾಂಶಕ್ಕೆ ಒಂದೇ ಬೀಗದ ಡಾಂಗಲ್. ಸರದಿಯ ಪ್ರಕಾರ ಕೂರಬೇಕು. ಹಾಳೆಯನ್ನು ಮೇಜಿಗೆ ಟೇಪು ಹಾಕಿ ಅಂಟಿಸಿ, ಅಡ್ಡಗೆರೆಯ ಗಾಜಿರುವ ಪಕ್ ಹಿಡಿದು ಮೊದಲು ನಾಲ್ಕು ಮೂಲೆಗಳನ್ನು ಒತ್ತಬೇಕು. ಆಮೇಲೆ 20 ಮೀಟರ್ ಅಂತರದ ಒಂದೊಂದೇ ಕಾಂಟೂರನ್ನು ತಿರುವು ತಿರುವಿಗೂ ಒತ್ತುತ್ತಾ ಹೋಗಿ, ಅದರ ಎತ್ತರವನ್ನು ಬರೆದು ಮುಗಿಸಬೇಕು. ಗೆರೆ ಗೆರೆಗೆ ತಾಗದೆ ನಿಂತರೆ ಅದು ಡ್ಯಾಂಗಲ್; ಹೊಲದ ಗಡಿ ಮುಚ್ಚಿಕೊಳ್ಳದೆ ಕ್ಷೇತ್ರಫಲವೇ ಬರುವುದಿಲ್ಲ. ಆರ್ಕ್‌ಇನ್‌ಫೋದಲ್ಲಿ 'ಕ್ಲೀನ್', 'ಬಿಲ್ಡ್' ಎಂದು ಆದೇಶ ಕೊಟ್ಟು ಪರದೆ ನೋಡುತ್ತಾ ಕಾಯುವುದು. ಕರೆಂಟು ಹೋದರೆ ಯು.ಪಿ.ಎಸ್. ಕೂಗುವುದರೊಳಗೆ ಸೇವ್ ಮಾಡಿಕೊಳ್ಳಬೇಕು. ಬೇಸರದ ಕೆಲಸ ಎಂದು ಈಗಿನವರು ಹೇಳುತ್ತಾರೆ. ನನಗೆ ಬೇಸರವಾಗಲಿಲ್ಲ. ಬೇಡ್ತಿ ಹಳ್ಳ ಹೇಗೆ ತಿರುಗುತ್ತದೆ, ನೀರು ಎಲ್ಲಿಂದ ಪಶ್ಚಿಮಕ್ಕೆ, ಎಲ್ಲಿಂದ ಪೂರ್ವಕ್ಕೆ ಇಳಿಯುತ್ತದೆ ಎಂಬುದು ಒತ್ತಿ ಒತ್ತಿ ಬೆರಳಿಗೇ ಪಾಠವಾಯಿತು.

ನಿಜವಾದ ತೊಡಕು ಎದುರಾದದ್ದು ಮೂರನೆಯ ನಕಾಶೆ ಬಂದಾಗ. ಗ್ರಾಮ ನಕಾಶೆ. ಬ್ರಿಟಿಷರ ಕಾಲದ ಕಂದಾಯ ಸರ್ವೆಯ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. 40 ಗುಂಟೆಗೆ ಎಕರೆ. ನಕಾಶೆಯ ಒಂದು ಅಂಗುಲ ನೆಲದ ಮೇಲೆ 20 ಸರಪಳಿ, ಅಂದರೆ 660 ಅಡಿ. ಲೆಕ್ಕ ಎಷ್ಟು ಚೊಕ್ಕ! ಆದರೆ ಅಕ್ಷಾಂಶ, ರೇಖಾಂಶ ಮಾತ್ರ ಅದರಲ್ಲಿಲ್ಲ. ಆ ಊರು ಭೂಮಿಯ ಮೇಲೆ ಎಲ್ಲಿದೆ ಎಂಬುದು ಆ ಕಾಗದಕ್ಕೆ ಬೇಕಾಗಿರಲಿಲ್ಲ; ಯಾರ ಹೊಲ ಎಷ್ಟು, ಅದಕ್ಕೆ ಕಂದಾಯದ ಆಕಾರ ಎಷ್ಟು ಎಂಬುದಷ್ಟೇ ಅದರ ಕಾಳಜಿ.

ಎಂ.ಎಸ್ಸಿ. ಮುಗಿಸಿ ಸಂಶೋಧನೆಗೆ ನಿಂತ ನಾನು ಕಲಘಟಗಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಈ ಮೂರನ್ನೂ ಕೂಡಿಸಲು ಹೊರಟೆ. ಆಗಿನ ಜಿ.ಪಿ.ಎಸ್. ನೂರು ಮೀಟರಿನಷ್ಟು ಆಚೀಚೆ ತೋರಿಸುತ್ತಿತ್ತು. ಅಮೆರಿಕ ಬೇಕೆಂದೇ ಸೇರಿಸುತ್ತಿದ್ದ ದೋಷ ಅದು. 2000ದ ಮೇ 2ರಂದು ಅದನ್ನು ನಿಲ್ಲಿಸಿದರು. ಕೈಯಲ್ಲಿನ ಅದೇ ಉಪಕರಣ ರಾತ್ರಿ ಕಳೆದು ಬೆಳಗಾಗುವುದರಲ್ಲಿ ನಂಬಿಕೆಗೆ ಅರ್ಹವಾಯಿತು. ಬಾಂದು ಕಲ್ಲುಗಳನ್ನು ಹುಡುಕಿ, ಒಂದೊಂದರ ಮೇಲೂ ಉಪಕರಣ ಇಟ್ಟು ಅಂಕಿ ಬರೆದುಕೊಂಡೆ. ಆದರೂ ಸರ್ವೆ ಹಾಳೆಯ ಮೇಲೆ ಇಟ್ಟರೆ ಎಲ್ಲ ಕಲ್ಲುಗಳೂ ಒಂದೇ ದಿಕ್ಕಿಗೆ, ನೂರು ಮೀಟರಿಗೂ ಮಿಕ್ಕಿ ಸರಿದಿದ್ದವು. ಹಳೆಯ ಹಾಳೆಗಳು 1830ರ ಎವರೆಸ್ಟ್ ಗೋಳಾಭದ ಲೆಕ್ಕದವು, ಜಿ.ಪಿ.ಎಸ್. ಡಬ್ಲ್ಯು.ಜಿ.ಎಸ್.-84ರದ್ದು. ಭೂಮಿಯ ಆಕಾರವನ್ನೇ ಎರಡು ಬಗೆಯಾಗಿ ಎಣಿಸಿದ ಮೇಲೆ ಕಲ್ಲು ಒಂದೇ ಕಡೆ ಬೀಳುವುದು ಹೇಗೆ? ತರಗತಿಯಲ್ಲಿ ಸೂತ್ರವಾಗಿ ಕಲಿತಿದ್ದದ್ದು ಆ ಬಿಸಿಲಿನಲ್ಲಿ ಪೂರ್ತಿ ಅರ್ಥವಾಯಿತು.

ಅದನ್ನು ಸರಿಪಡಿಸಿದ ಮೇಲೂ ಒಂದು ಕೂಡಲಿಲ್ಲ. ಕೆರೆ. ಸರ್ವೆ ಹಾಳೆಯ ನೀಲಿ ಗಡಿ ಉಪಗ್ರಹ ಚಿತ್ರದ ನೀರಿಗಿಂತ ಬಹಳ ದೊಡ್ಡದಿತ್ತು. ನಕಾಶೆ ಹಿಡಿದು ದಂಡೆಯ ಮೇಲೆ ನಿಂತಿದ್ದಾಗ ಅಲ್ಲೇ ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ಬಂದು, "ಯಾಕ್ರಿ ಅಕ್ಕಾರ, ಏನು ಹುಡುಕಾಕ ಹತ್ತೀರಿ?" ಎಂದರು. ಹೇಳಿದೆ. ಅವರು ತೂಬಿನ ಹತ್ತಿರ ಕರೆದೊಯ್ದು, ಅಲ್ಲಿಂದ ಹೆಜ್ಜೆ ಎಣಿಸುತ್ತಾ ಹತ್ತಿ ಹೊಲದೊಳಗೇ ನಡೆದು, ಒಂದು ಜಾಲಿ ಗಿಡದ ಬುಡದಲ್ಲಿ ನಿಂತರು. "ನಾನು ಸಣ್ಣಾಂವ ಇದ್ದಾಗ ಇಲ್ಲೀತನಕಾ ನೀರ ನಿಲ್ತಿತ್ರಿ. ಹೂಳ ತುಂಬಿತು, ಹೊಲಾ ಆತು." ಜಿ.ಪಿ.ಎಸ್. ಒತ್ತಿ ನೋಡಿದೆ. ಹಾಳೆಯ ನೀಲಿ ಗೆರೆ ಅಲ್ಲೇ ಹತ್ತಿರದಲ್ಲಿತ್ತು. ಹಾಳೆಯೂ ಸುಳ್ಳಲ್ಲ, ಚಿತ್ರವೂ ಸುಳ್ಳಲ್ಲ. ಎರಡರ ನಡುವಿನ ಅಷ್ಟೂ ನೆಲ ಕೆರೆ ಕಳೆದುಕೊಂಡದ್ದು. ನನ್ನ ಪ್ರಬಂಧದ ಮುಖ್ಯ ಅಧ್ಯಾಯ ಆ ನೆಲದ್ದೇ ಆಯಿತು.

ಆಮೇಲಿನ ವರ್ಷಗಳು ಬೇಗ ಬೇಗ ಉರುಳಿದವು. 2005ರ ರಾಷ್ಟ್ರೀಯ ನಕ್ಷೆ ನೀತಿಯಿಂದ ಸಾರ್ವಜನಿಕರಿಗಾಗಿಯೇ ಬೇರೆ ಸರಣಿಯ ಹಾಳೆಗಳು ಬರತೊಡಗಿದವು. ಅದೇ ವರ್ಷ ಗೂಗಲ್ ಅರ್ಥ್ ಬಂತು. ಹುಡುಗರು ಸೈಬರ್ ಕೆಫೆಯಲ್ಲಿ ಕೂತು ತಮ್ಮ ಮನೆಯ ಛಾವಣಿ ಹುಡುಕಿ ಕೇಕೆ ಹಾಕಿದರು. 2008ರಲ್ಲಿ ಲ್ಯಾಂಡ್‌ಸ್ಯಾಟ್‌ನ ಸಂಗ್ರಹವೆಲ್ಲ ಉಚಿತ. 2009ರಲ್ಲಿ ಇಸ್ರೋದ ಭುವನ್. ಡಾಂಗಲ್ ಬೇಡದ, ಕಾಸು ಕೇಳದ ಕ್ಯೂಜಿಐಎಸ್ ಬಂದ ಮೇಲಂತೂ ಹಳ್ಳಿಯ ಹುಡುಗಿ ಹಳೆಯ ಲ್ಯಾಪ್‌ಟಾಪಿನಲ್ಲಿ ತನ್ನ ಮನೆಯಲ್ಲೇ ಕೂತು ನಕಾಶೆ ಮಾಡಬಲ್ಲಳು. ಕಂದಾಯ ಇಲಾಖೆಗಾಗಿ ರಾಜ್ಯದ ದೂರಸಂವೇದಿ ಕೇಂದ್ರ ಮಾಡಿದ ದಿಶಾಂಕ್ ಆ್ಯಪ್ ಈಗ ರೈತರ ಫೋನಿನಲ್ಲಿದೆ. ನಿಂತ ಜಾಗದ ಸರ್ವೆ ನಂಬರನ್ನು ಅವರೇ ನನಗೆ ತೋರಿಸುತ್ತಾರೆ. 2021ರ ಫೆಬ್ರವರಿಯ ಮಾರ್ಗಸೂಚಿ ಬಂದ ಮೇಲೆ ಭಾರತೀಯರು ನಕಾಶೆ ಮಾಡಲು ಮುಂಚಿತವಾಗಿ ಅನುಮತಿ ಕೇಳಬೇಕಾದ ಕಾಲ ಬಹುಮಟ್ಟಿಗೆ ಮುಗಿಯಿತು. ನನ್ನ ಮಟ್ಟಿಗೆ ಕಂಪ್ಯೂಟರ್ ಬಂದದ್ದಕ್ಕಿಂತ ದೊಡ್ಡ ಬದಲಾವಣೆ ಇದು. ಕಾರವಾರದ ಆ ಗೆಳತಿಯಂಥವಳು ಇಂದು ಅಳಿವೆಯ ಮೇಲೆಯೇ ಬರೆಯಬಹುದು.

ಒಂದು ಕಳವಳವನ್ನೂ ಹೇಳಿಬಿಡುತ್ತೇನೆ. ಈಗಿನ ತಂತ್ರಾಂಶ ಬೇರೆ ಬೇರೆ ಲೆಕ್ಕದ ನಕಾಶೆಗಳನ್ನು ತಾನೇ ಒಂದರ ಮೇಲೊಂದು ಕೂರಿಸಿಬಿಡುತ್ತದೆ. ಪದರಗಳು ಕೂಡಿದಂತೆ ಕಂಡರೆ ವಿದ್ಯಾರ್ಥಿ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಕೂಡದಿದ್ದಾಗ ಏಳುವ ಪ್ರಶ್ನೆ ಏಳುವುದೇ ಇಲ್ಲ, ಹಾಗಾಗಿ ನೆಲಕ್ಕೆ ಹೋಗುವ ಕಾರಣವೂ ಹುಟ್ಟುವುದಿಲ್ಲ. ಅದಕ್ಕೇ ಈಗ ಪಾಠ ಹೇಳುವ ನಾನು ಮೊದಲ ವಾರ ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆಸುವುದಿಲ್ಲ. 48 ಐ/15, 48 ಎಂ/3 ಎರಡನ್ನೂ ಮೇಜಿನ ಮೇಲೆ ಹಾಸಿ, ಕೂಡಿಸಿ ಎನ್ನುತ್ತೇನೆ. ಗೊಣಗುತ್ತಾರೆ, ಆದರೆ ಮಾಡುತ್ತಾರೆ.

ಹೋದ ವರ್ಷ ನವಲಗುಂದದ ಕಡೆಯ ಒಬ್ಬ ವಿದ್ಯಾರ್ಥಿನಿ ಕಲಘಟಗಿಯ ಅದೇ ಕೆರೆಯನ್ನು ಆರಿಸಿಕೊಂಡಳು. ಸೆಂಟಿನೆಲ್-2ರ 10 ಮೀಟರಿನ ಚಿತ್ರಗಳಲ್ಲಿ ವರ್ಷ ವರ್ಷದ ನೀರಿನ ಅಂಚು ಗುರುತಿಸಿ, ಗ್ರಾಮ ನಕಾಶೆಯ ಮೇಲೆ ಇಟ್ಟು, ಯಾವ ಸರ್ವೆ ನಂಬರುಗಳು ಕೆರೆಯಂಗಳದೊಳಗೆ ಬರುತ್ತವೆ ಎಂದು ಪಟ್ಟಿ ಮಾಡಿದಳು. ಹೂಳೆತ್ತುವ ಕೆಲಸಕ್ಕೆ ಬೇಕೆಂದು ಗ್ರಾಮ ಪಂಚಾಯಿತಿಯವರು ಅದರ ಪ್ರತಿ ಕೇಳಿ ಪಡೆದರು. ಕೆರೆಗೆ ನೀರು ತರುವ ಕಾಲುವೆಗಳು ಮಾತ್ರ ಇನ್ನೂ ನಕಾಶೆಗೆ ಏರಿಲ್ಲ. ಗಿಡಗಳ ಅಡಿಯಲ್ಲಿ ಹರಿಯುವ ಅವು ಮೇಲಿಂದ ಕಾಣುವುದಿಲ್ಲ, ನಡೆದೇ ಗುರುತಿಸಬೇಕು. ಈ ಸಲದ ಮೂರನೆಯ ಸೆಮಿಸ್ಟರಿನವರನ್ನು ಆ ಕೆಲಸಕ್ಕೆ ಕರೆದೊಯ್ಯುತ್ತಿದ್ದೇನೆ. ಪಂಚಾಯಿತಿಯ ನೀರಗಂಟಿ ಜೊತೆಗೆ ಬರಲು ಒಪ್ಪಿದ್ದಾನೆ.