ಮೀಟರ್ ನಿಂತ ಮೇಲಿನ ಲೆಕ್ಕ

ಹೊನ್ನಾಳಿಯ ಹೋಟೆಲ್ ಮುಂದೆ ನನ್ನ ಯೆಜ್ಡಿ ರೋಡ್‌ಕಿಂಗ್ ನೋಡಿ ಯಾರಾದರೂ 'ಎಷ್ಟು ಓಡಿದೆ?' ಎಂದರೆ, ಲಕ್ಷ ದಾಟಿದೆ ಎನ್ನುತ್ತೇನೆ. ಮೀಟರಿನ ಕೇಬಲ್ ತುಂಡಾಗಿ ಬಹಳ ಕಾಲವಾಯಿತು. ಹೊಸದಕ್ಕೆ ದೊಡ್ಡ ಖರ್ಚೇನಿಲ್ಲ, ಆದರೂ ಹಾಕಿಸಿಲ್ಲ. ಅದು ನಿಂತಿದ್ದರೇ ನನಗೆ ಅನುಕೂಲ.

'ಒರಿಜಿನಲ್ ಎಂಜಿನ್' ಎನ್ನುವುದು ನನ್ನ ಇನ್ನೊಂದು ಜಂಭ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಬೈಕು ಮಾಡಿ 1996ರಲ್ಲಿ ಬಾಗಿಲು ಹಾಕಿತು. ಅಲ್ಲಿಂದ ಬಂದದ್ದರಲ್ಲಿ ಈಗ ಉಳಿದಿರುವುದು ಕ್ರ್ಯಾಂಕ್‌ಕೇಸು, ಅದರ ಮೇಲಿನ ನಂಬರು, ಒಂದಿಷ್ಟು ಗೇರು. ಸಿಲಿಂಡರ್ ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಕೂರಿಸಿದ್ದಾಗಿದೆ. ಕನೆಕ್ಟಿಂಗ್ ರಾಡು, ಬೇರಿಂಗು ಎಲ್ಲ ಹೊಸವು. ಬದಲಾಗುತ್ತ ಬಂದದ್ದರಿಂದಲೇ ಅದು ಓಡುತ್ತಿದೆ. ಕೇಳಿದವರಿಗೆ ಅದನ್ನು ಹೇಳುವುದಿಲ್ಲ.

ಇದು 250 ಸಿಸಿಯ ಟೂ ಸ್ಟ್ರೋಕ್. ಪಿಸ್ಟನ್ನಿಗೆ, ಕ್ರ್ಯಾಂಕಿಗೆ ಎಣ್ಣೆ ಸಿಗುವುದು ಪೆಟ್ರೋಲಿನ ಜೊತೆಗೇ. ಆಗುಂಬೆ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ ಚಕ್ರ ಎಂಜಿನ್ನನ್ನು ತಿರುಗಿಸುತ್ತಲೇ ಇರುತ್ತದೆ, ಎಣ್ಣೆ ಮಾತ್ರ ಸಾಲದು. ಅದಕ್ಕೇ ಹಳೆ ಸವಾರರು ಇಳಿಜಾರಿನಲ್ಲಿ ಆಗಾಗ ಆಕ್ಸಿಲರೇಟರ್ ತಿರುವುತ್ತಾರೆ. ನಾನು ಹೊನ್ನಾಳಿಯ ಸಮತಟ್ಟು ರಸ್ತೆಯಲ್ಲೂ ತಿರುವುತ್ತೇನೆ, ಜನ ನಿಂತಿದ್ದರೆ.

ಎಣ್ಣೆಯನ್ನು ಅಳತೆಗಿಂತ ಒಂದು ಗುಟುಕು ಹೆಚ್ಚೇ ಸುರಿಯುತ್ತೇನೆ. ಹೆಚ್ಚಾದರೆ ಪ್ಲಗ್ ಕಪ್ಪಾಗುತ್ತದೆ, ಎರಡೂ ಸೈಲೆನ್ಸರಿನೊಳಗೆ ಮಸಿ ಕಟ್ಟಿ ಉಸಿರು ಕಟ್ಟುತ್ತದೆ ಎಂದು ಗೊತ್ತು. ಗೊತ್ತಿದ್ದೂ ಸುರಿಯುವ ಕೈ ನನ್ನದೇ. ಅದಕ್ಕೆ ಕಾಳಜಿ ಎಂಬ ಹೆಸರು ಕೊಟ್ಟುಕೊಂಡಿದ್ದೇನೆ. ಎಂಜಿನ್ ಸೀಜ್ ಆಗಿ ನಡುರಸ್ತೆಯಲ್ಲಿ ನಾಲ್ಕು ಜನರೆದುರು ತಳ್ಳಬೇಕಾದೀತೆಂಬ ಭಯ ಅದು.

ಮಾನಕ್ಕಂಜದೆ ಮಾಡುವ ಕೆಲಸ ಒಂದಿದೆ. ನಮ್ಮೂರು ಗೋವಿನಕೋವಿಯಲ್ಲಿ ಮೆಕ್ಕೆಜೋಳದ ಒಕ್ಕಣೆ ಶುರುವಾದರೆ ಊರೆಲ್ಲ ಧೂಳು. ಏರ್ ಫಿಲ್ಟರ್ ಸಡಿಲವಿದ್ದರೆ ಆ ಧೂಳು ಒಳಹೊಕ್ಕು ಪಿಸ್ಟನ್ನನ್ನು ಗೀರಿಬಿಡುತ್ತದೆ. ಹಿತ್ತಲಲ್ಲಿ ಕೂತು ಫಿಲ್ಟರನ್ನು ಬಿಚ್ಚಿ ಒರೆಸುವಾಗ ಯಾರೂ ನೋಡುವುದಿಲ್ಲ, ಬೇಸರವೂ ಆಗುವುದಿಲ್ಲ.

ಇನ್ನು ಕ್ರ್ಯಾಂಕಿನ ಸೀಲುಗಳು. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಬಿಳಿ ಹೊಗೆ. ಇನ್ನೊಂದು ಕಡೆಯದು ಹೋದರೆ ಗಾಳಿ ಎಳೆದು, ಮಿಶ್ರಣ ತೆಳುವಾಗಿ, ಪಿಸ್ಟನ್ ಕಾದು ಹಿಡಿದುಕೊಳ್ಳುತ್ತದೆ. ಹೊಗೆಯಾದರೂ ಕಣ್ಣಿಗೆ ಬೀಳುತ್ತದೆ, ಗಾಳಿ ಕಾಣುವುದಿಲ್ಲ. ಸೀಲು ಅಗ್ಗ, ಅದಕ್ಕಾಗಿ ಎಂಜಿನ್ ಬಿಚ್ಚುವ ಕೂಲಿ ಅಗ್ಗವಲ್ಲ.

ಮೊನ್ನೆ ಮಗ, 'ಅಪ್ಪಾಜಿ, ಶಿವಮೊಗ್ಗಕ್ಕೆ ಯೆಜ್ಡಿ ತಗೊಂಡು ಹೋಗ್ಲಾ?' ಎಂದ. ಸೀಲು ಹೋಗಿದೆ, ಬೇಡ ಎಂದೆ. ಸೀಲು ಹಾಕಿಸಿದ್ದು ಹೋದ ವರ್ಷವಷ್ಟೇ.