ಆಯಿಲ್ ಎಲ್ಲಿಗೆ ಹೋಗಾಕತ್ತೇತಿ?

ನಾವು ಮೂವರೂ ಮೆಕ್ಯಾನಿಕಲ್. ಊರು ಮಾತ್ರ ಬೇರೆ ಬೇರೆ: ಗೋಕಾಕ, ಮೂಡಲಗಿ, ಹುಕ್ಕೇರಿ. ಕಳೆದ ಸೆಮಿಸ್ಟರ್ ರಜೆಯಲ್ಲಿ ನಮಗೆ ಸಿಕ್ಕ ಪ್ರಾಜೆಕ್ಟ್ ಯಾವ ಗೈಡೂ ಕೊಟ್ಟದ್ದಲ್ಲ. ಹುಕ್ಕೇರಿಯವನ ಅಪ್ಪ, ಅಂದರೆ ನಮಗೆಲ್ಲ ಕಾಕಾ, ಬಾಡಿಗೆಗೆ ಓಡಿಸುವ ಪೆಟ್ರೋಲ್ ಕಾರು ಆಯಿಲ್ ತಿನ್ನಾಕ ಶುರು ಮಾಡಿತ್ತು. ಓಡಿದ್ದು 1,60,000 ಕಿಲೋಮೀಟರ್. ಊರಿನ ಪೇಶಂಟುಗಳನ್ನು ಬೆಳಗಾವಿ ದವಾಖಾನೆಗೆ ಒಯ್ಯೋದು, ಲಗ್ನದ ಸೀಸನ್ನಿನಲ್ಲಿ ಬೀಗರನ್ನು ಕರಕೊಂಡು ಬರೋದು, ಮನೆ ನಡೆಯೋದು ಅದರ ಮೇಲೇ. ಒಂದು ಗ್ಯಾರೇಜಿನಲ್ಲಿ ಹೊಗೆ ನೋಡಿ, "ರಿಂಗ್ ಹೋಗ್ಯಾವ್ರಿ, ಎಂಜಿನ್ ಬಿಚ್ಚಬೇಕು, 45 ಸಾವಿರ ಆಕ್ಕತಿ" ಅಂದಿದ್ದರು. ಕಬ್ಬಿನ ಬಿಲ್ ಇನ್ನೂ ಬಂದಿರಲಿಲ್ಲ. ಗಾಡಿ ಮಾರೇ ಬಿಡೋಣ ಅಂತ ಕಾಕಾ ಒಬ್ಬ ಏಜೆಂಟಿಗೆ ಹೇಳಿಟ್ಟಿದ್ದರು.

"ಎಷ್ಟು ತಿಂತೈತಿ ಕಾಕಾ?" ಅಂತ ಕೇಳಿದೆವು. "ಬಾಳ" ಅಂದರು. ಆ "ಬಾಳ" ಎಷ್ಟು ಅಂತ ಗ್ಯಾರೇಜಿನವರೂ ಕೇಳಿರಲಿಲ್ಲ. ಎಂಜಿನ್ ಅಂದ ಮೇಲೆ ಸ್ವಲ್ಪ ಆಯಿಲ್ ಸುಟ್ಟೇ ಸುಡುತ್ತದೆ. ಕೆಲವು ಕಂಪನಿಗಳ ಕೈಪಿಡಿಯಲ್ಲಿ ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಹೋದರೂ ನಾರ್ಮಲ್ ಅಂತಲೇ ಬರೆದಿರುತ್ತದೆ. ಹಾಗಾಗಿ ಮೊದಲು ಅಳತೆ. ಕಾಕಾನ ಮನೆ ಮುಂದೆ ಇಳಿಜಾರು, ಅಲ್ಲಿ ಡಿಪ್‌ಸ್ಟಿಕ್ ಸುಳ್ಳು ಹೇಳುತ್ತದೆ. ಪಂಚಾಯ್ತಿ ಮುಂದಿನ ಕಾಂಕ್ರೀಟ್ ಜಾಗ ಸಪಾಟಾಗಿತ್ತು. ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮೇಲಿನ ಗೆರೆಯವರೆಗೆ ತುಂಬಿಸಿ ಮೀಟರ್ ಬರೆದುಕೊಂಡೆವು. ಎಂಟು ದಿನದ ಬಾಡಿಗೆ ಮುಗಿದಾಗ 820 ಕಿಲೋಮೀಟರ್ ಆಗಿತ್ತು. ಅದೇ ಜಾಗ, ಅದೇ ಹೊತ್ತು. ಗೆರೆ ಮುಟ್ಟಿಸಲು 700 ಮಿಲಿ ಬೇಕಾಯಿತು. ಸಾವಿರಕ್ಕೆ ಸುಮಾರು 850. ಹೌದು, ಬಾಳಾನೇ.

ಆಯಿಲ್ ಹೋಗುವ ದಾರಿಗಳು ಹೆಚ್ಚಿಲ್ಲ. ಹೊರಗೆ ಸೋರಬೇಕು, ಪಿಸ್ಟನ್ ರಿಂಗ್ ದಾಟಿ ಮೇಲೆ ಹತ್ತಬೇಕು, ವಾಲ್ವ್ ಸೀಲ್ ದಾಟಿ ಕೆಳಗೆ ಇಳಿಯಬೇಕು, ಇಲ್ಲವೇ ಕ್ರ್ಯಾಂಕ್‌ಕೇಸಿನ ಗಾಳಿ ಹೋಗುವ ಪಿಸಿವಿ ವಾಲ್ವಿನಿಂದ ಇನ್‌ಟೇಕಿಗೆ ಎಳೆದುಕೊಂಡು ಹೋಗಬೇಕು. ರಾತ್ರಿ ಕಾರಿನ ಕೆಳಗೆ ರಟ್ಟು ಹಾಸಿದೆವು, ಬೆಳಿಗ್ಗೆ ಎರಡೇ ಹನಿ. ಕೂಲೆಂಟ್ ಸ್ವಚ್ಛ ಇತ್ತು. ಅಂದರೆ ಸುಡುತ್ತಿದೆ.

ಯಾವಾಗ ಸುಡುತ್ತದೆ ಅನ್ನೋದೇ ದೊಡ್ಡ ಸುಳಿವು. ಇದನ್ನು ನೋಡಲು ವಂಟಮುರಿ ಘಾಟಿಗೆ ಹೋದೆವು. ಕಾಕಾ ಕಾರು ಹೊಡೆದರು, ನಾವಿಬ್ಬರು ಬೈಕಿನಲ್ಲಿ ಹಿಂದೆ, ಮೊಬೈಲ್ ಆನ್. ಏರು ಹತ್ತುವಾಗ ಪೂರ್ತಿ ಲೋಡಿನಲ್ಲೂ ಹೊಗೆ ಇಲ್ಲ. ಇಳಿಯುವಾಗ ಮೂರನೇ ಗೇರಿನಲ್ಲಿ ಕಾಲು ತೆಗೆದು ಬಂದು, ಕೆಳಗೆ ಆಕ್ಸಿಲರೇಟರ್ ಒತ್ತಿದ ಕೂಡಲೇ ನೀಲಿ ಹೊಗೆಯ ಒಂದು ಉಂಡೆ. ಬೆಳಿಗ್ಗೆ ಮೊದಲ ಸ್ಟಾರ್ಟಿಗೂ ಹಾಗೇ, ಸ್ವಲ್ಪ ಹೊತ್ತು ನೀಲಿ, ಆಮೇಲೆ ಸ್ವಚ್ಛ. ಥ್ರಾಟಲ್ ಮುಚ್ಚಿದಾಗ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮ್ ಏರುತ್ತದೆ, ಅದು ಸವೆದ ಸೀಲಿನ ಸಂದಿಯಿಂದ ಆಯಿಲ್ ಎಳೆಯುತ್ತದೆ. ರಾತ್ರಿ ನಿಂತ ಗಾಡಿಯಲ್ಲಿ ಆಯಿಲ್ ಅದೇ ಸಂದಿಯಿಂದ ತಾನೇ ಇಳಿದು ಕೂತಿರುತ್ತದೆ. ರಿಂಗ್ ಸವೆದಿದ್ದರೆ ಹೊಗೆ ಏರಿನಲ್ಲೇ ಕಾಣಬೇಕಿತ್ತು.

ಗೋಕಾಕದ ಒಬ್ಬ ಮಿಸ್ತ್ರಿ ಕಂಪ್ರೆಶನ್ ಗೇಜ್ ಕೊಟ್ಟರು. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ಬಿಚ್ಚಿ, ಇಗ್ನಿಶನ್ನೂ ಪೆಟ್ರೋಲೂ ಬಂದ್ ಮಾಡಿ, ಥ್ರಾಟಲ್ ಪೂರ್ತಿ ತೆರೆದು ಕ್ರ್ಯಾಂಕ್ ಹೊಡೆದೆವು: 172, 170, 168, 173 ಪಿಎಸ್‌ಐ. ಒಂದೊಂದು ಚಮಚ ಆಯಿಲ್ ಹಾಕಿ ಮತ್ತೆ ನೋಡಿದರೆ ಐದಾರು ಏರಿತು, ಅಷ್ಟೇ. ರಿಂಗ್ ಹೋಗಿದ್ದರೆ ಮುಳ್ಳು ಜಿಗಿಯಬೇಕಿತ್ತು. ಇಲ್ಲಿ ಒಂದು ಮಾತು ನೆನಪಿಡ್ರಿ: ಈ ಟೆಸ್ಟ್ ಹೇಳೋದು ಮೇಲಿನ ಕಂಪ್ರೆಶನ್ ರಿಂಗುಗಳ ಕಥೆ. ಕೆಳಗಿನ ಆಯಿಲ್ ರಿಂಗ್ ಕಾರ್ಬನ್ ಹಿಡಿದು ಜಾಮ್ ಆಗಿದ್ದರೂ ಗೇಜು ಚೆನ್ನಾಗಿಯೇ ತೋರಿಸಬಹುದು. ಆದ್ದರಿಂದ ಕಡಿಮೆ ರೊಕ್ಕದ ರಿಪೇರಿಯಿಂದ ಶುರು ಮಾಡುವುದು ಅಂತ ನಿರ್ಧರಿಸಿದೆವು.

ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದರೆ ಟಕ್ ಟಕ್ ಸಪ್ಪಳ ಬರಬೇಕು. ಬರಲಿಲ್ಲ. ಮಡ್ಡಿ ಹಿಡಿದು ತೆರೆದಲ್ಲೇ ಕಚ್ಚಿಕೊಂಡಿತ್ತು. ಹೊಸದಕ್ಕೆ 250 ರೂಪಾಯಿ. ಮುಂದಿನ ಅಳತೆಯಲ್ಲಿ ಸಾವಿರಕ್ಕೆ 850 ಇದ್ದದ್ದು 600ಕ್ಕೆ ಇಳಿಯಿತು. ಕಾಕಾ ಅವತ್ತು ಏಜೆಂಟಿನ ಫೋನ್ ಎತ್ತಲಿಲ್ಲ.

ಉಳಿದದ್ದು ಸೀಲ್. ಹೆಡ್ ಇಳಿಸದೇ ಸೀಲ್ ಬದಲಿಸಬೇಕೆಂದರೆ ಸ್ಪ್ರಿಂಗ್ ಒತ್ತುವಾಗ ವಾಲ್ವ್ ಸಿಲಿಂಡರಿನೊಳಗೆ ಬೀಳಬಾರದು. ಕಂಪ್ರೆಸರ್ ಗಾಳಿ ಬಿಟ್ಟು ಹಿಡಿಯುತ್ತಾರೆ ಅಂತ ನಾವು ಓದಿದ್ದೆವು. ಮೂಡಲಗಿಯವನ ಮಾಮಾ, ಇಪ್ಪತ್ತು ವರ್ಷ ಟ್ರ್ಯಾಕ್ಟರ್ ಬಿಚ್ಚಿದವರು, "ಗಾಳಿ ಯಾಕಲೇ, ಹಗ್ಗ ಹಾಕ್ರಿ" ಅಂದರು. ಪಿಸ್ಟನ್ ಸ್ವಲ್ಪ ಕೆಳಗಿರುವಾಗ ಪ್ಲಗ್ಗಿನ ತೂತಿನಿಂದ ನೈಲಾನ್ ಹಗ್ಗ ಇಳಿಸಿ, ಒಂದು ತುದಿ ಹೊರಗೇ ಬಿಟ್ಟು, ಕೈಯಿಂದ ಕ್ರ್ಯಾಂಕ್ ತಿರುಗಿಸುತ್ತಾ ಪಿಸ್ಟನ್ ಮೇಲೆ ತಂದರೆ ಹಗ್ಗದ ಗಂಟೇ ವಾಲ್ವನ್ನು ಕೆಳಗಿನಿಂದ ಒತ್ತಿ ಹಿಡಿಯುತ್ತದೆ. ಗೋಕಾಕದ ಮಿಸ್ತ್ರಿ ಟೈಮಿಂಗ್ ಮಾರ್ಕ್ ಹಾಕಿ ಕ್ಯಾಮ್‌ಶಾಫ್ಟ್ ಇಳಿಸಿದರು. 16 ಸೀಲುಗಳಲ್ಲಿ ಐದು ಇಕ್ಕಳ ಹಾಕಿದ ಕೂಡಲೇ ಬಿಸ್ಕೀಟಿನ ಹಾಗೆ ಮುರಿದವು. ರಬ್ಬರ್ ಅನ್ನೋ ಗುಣವೇ ಉಳಿದಿರಲಿಲ್ಲ. ಸೀಲ್ ಸೆಟ್, ಗ್ಯಾಸ್ಕೆಟ್, ಮಜೂರಿ ಎಲ್ಲ ಸೇರಿ 5,200 ಆಯಿತು.

ಇದರ ನಡುವೆ "20ಡಬ್ಲ್ಯು-50 ದಪ್ಪ ಆಯಿಲ್ ಹಾಕ್ರಿ, ಸುಮ್ನಾಗ್ತೈತಿ" ಅಂತ ಸಲಹೆ ಕೊಟ್ಟವರೂ ಇದ್ದರು. ಬಳಕೆ ಸ್ವಲ್ಪ ಇಳಿಯಬಹುದು, ಸೀಲ್ ಮಾತ್ರ ಗಟ್ಟಿಯಾಗೇ ಉಳಿಯುತ್ತದೆ. ತೆಳು ಆಯಿಲ್‌ಗೆಂದು ಡಿಸೈನ್ ಆದ ಎಂಜಿನ್ನಿನಲ್ಲಿ ಚಳಿಗಾಲದ ಬೆಳಿಗ್ಗೆ ಅದು ಮೇಲೆ ಹತ್ತಲೂ ತಡ. ಇನ್ನೊಂದು ನಂಬಿಕೆ, ಕೆಂಪು ಲೈಟ್ ಹತ್ತಿದ ಮೇಲೆ ಆಯಿಲ್ ಹಾಕಿದರೆ ಸಾಕು ಅನ್ನೋದು. ಆ ಲೈಟ್ ಹೇಳೋದು ಪ್ರೆಶರ್, ಮಟ್ಟ ಅಲ್ಲ. ಅದು ಹತ್ತುವ ಹೊತ್ತಿಗೆ ಬೇರಿಂಗ್ ಒಣಗಿರುತ್ತದೆ. ನಮ್ಮ ಕ್ಲಾಸಿನಲ್ಲೇ ಅರ್ಧ ಜನಕ್ಕೆ ಇದು ಗೊತ್ತಿರಲಿಕ್ಕಿಲ್ಲ.

ರಜೆ ಮುಗಿದು ಹಾಸ್ಟೆಲಿಗೆ ಬಂದ ಮೇಲೆ ಕಾಕಾ ವಾಟ್ಸಾಪಿನಲ್ಲಿ ಡಿಪ್‌ಸ್ಟಿಕ್ ಫೋಟೋ ಕಳಿಸಿದರು: 1,000 ಕಿಲೋಮೀಟರಿಗೆ 180 ಮಿಲಿ. ಜೊತೆಗೆ ವಾಯ್ಸ್ ಮೆಸೇಜ್, "ಇದು ನಡೀತೈತೇನ್ರೋ?" ನಡೀತೈತಿ ಕಾಕಾ, ಅಂದೆವು. ಆದರೆ ಇಷ್ಟು ದಿನ ಸುಟ್ಟ ಆಯಿಲಿನ ರಂಜಕ ಕ್ಯಾಟಲಿಟಿಕ್ ಕನ್ವರ್ಟರಿನ ಮೇಲೆ ಕೂತಿರುತ್ತದೆ, ಅದು ಎಷ್ಟು ಕೆಟ್ಟಿದೆ ಅನ್ನೋದು ಎಮಿಶನ್ ಟೆಸ್ಟಿನಲ್ಲಿ ಕಾಣಬಹುದು. ಕಾಕಾನ ಪೊಲ್ಯೂಶನ್ ಸರ್ಟಿಫಿಕೇಟ್ ಮುಂದಿನ ತಿಂಗಳು ಮುಗಿಯುತ್ತದೆ. ಟೆಸ್ಟಿನ ಚೀಟಿ ಫೋಟೋ ತೆಗೆದು ಕಳಿಸಲು ಹೇಳಿದ್ದೇವೆ.