ಹರಿವನ್ನು ನೋಡುವ ಹವ್ಯಾಸ

ಹರಿವನ್ನು ನೋಡುವ ಹವ್ಯಾಸಕ್ಕೆ ಉಪಕರಣ ಬೇಕಿಲ್ಲವಾದರೂ ತಾಳ್ಮೆ ಬೇಕು. ಅಂಕೋಲೆಗೆ ಹತ್ತಿರದ ಮೀನುಗಾರರ ಊರಾದ ಕೇಣಿಯ ಕಡಲತೀರ ಅಂಥ ತಾಳ್ಮೆಗೆ ಒಗ್ಗುವ ಸ್ಥಳ. ಅಲೆಯಬ್ಬರ ಇಳಿದ ದಿನ ದಂಡೆಯಿಂದ ದಿಟ್ಟಿಸಿದರೆ, ಹೊಳೆಯುವ ನೀರಿನ ಮೇಲೆ ಅಲ್ಲಲ್ಲಿ ಕಪ್ಪನೆಯ ಕಲೆಗಳು ಹುಟ್ಟಿ, ಗಾಳಿಯ ದಿಕ್ಕಿಗೆ ಓಡಿ, ಹರಡಿ ಅಳಿಸಿಹೋಗುವುದು ಕಾಣುತ್ತದೆ. ಮೇಲಿನ ವೇಗದ ಗಾಳಿ ಕೆಳಗಿಳಿದು ನೀರನ್ನು ಉಜ್ಜಿದ ಕಡೆ ಕಿರುದೆರೆಗಳೆದ್ದು ಬೆಳಕು ಬೇರೆಡೆಗೆ ಚದುರುವುದರಿಂದ ಆ ಭಾಗ ಕಪ್ಪಾಗಿ ತೋರುತ್ತದೆ. ಎಂದರೆ, ಕಣ್ಣಿಗೆ ಬೀಳದ ಘರ್ಷಣೆ ಇಲ್ಲಿ ತನ್ನ ನಕ್ಷೆಯನ್ನು ತಾನೇ ಬರೆಯುತ್ತದೆ.

ಗಾಳಿಯಾಗಲಿ ನೀರಾಗಲಿ ಒಂದು ಮೇಲ್ಮೈಯನ್ನು ಸವರಿ ಸಾಗುವಾಗ ಅದಕ್ಕೆ ತಾಗಿದ ಪದರ ಅಲ್ಲೇ ಅಂಟಿಕೊಂಡು, ದೂರ ಸರಿದಂತೆ ವೇಗ ಹೆಚ್ಚುತ್ತ ಹೋಗುತ್ತದೆ. ಈ ವಲಯವನ್ನು 1904ರಲ್ಲಿ ಗುರುತಿಸಿದವನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್. ಇದನ್ನು ಎಲ್ಲೆಪದರವೆಂದೂ, ಇದರಿಂದ ಮೇಲ್ಮೈಯ ಮೇಲಾಗುವ ಎಳೆತವನ್ನು ಮೇಲ್ಮೈ ಘರ್ಷಣೆಯೆಂದೂ ಕರೆಯಬಹುದು. ಗೋಡೆಯ ಚಿಕ್ಕ ತುಂಡೊಂದನ್ನು ಸುತ್ತಲಿನಿಂದ ಬಿಡಿಸಿ, ಗಾಳಿ ಅದನ್ನೆಷ್ಟು ತಳ್ಳುತ್ತದೆಂದು ನೋಡಿ ಆ ಘರ್ಷಣೆಯನ್ನು ನೇರವಾಗಿ ಅಳೆದ ಸತೀಶ್ ಧವನ್ ಅವರ ಪ್ರಬಂಧ 1953ರಲ್ಲಿ ಪ್ರಕಟವಾಯಿತು. ಅಷ್ಟರಲ್ಲಿ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಸೇರಿದ್ದರು.

ಧವನ್ ಅವರ ಶಿಷ್ಯರಾದ ರೊದ್ದಂ ನರಸಿಂಹ ಅವರು ಕೆ. ನರಹರಿ ರಾವ್ ಮತ್ತು ಎಂ. ಎ. ಬದರಿ ನಾರಾಯಣನ್ ಅವರೊಂದಿಗೆ 1971ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಕುತೂಹಲಕರ. ಪ್ರಕ್ಷುಬ್ಧ ಹರಿವಿನಲ್ಲಿ, ಅಂದರೆ ಸುಳಿಗಳಿಂದ ಕದಡಿದ ಹರಿವಿನಲ್ಲಿ, ಗೋಡೆಯ ಬಳಿಯ ನಿಧಾನದ್ರವ ಆಗಾಗ ಸಿಡಿದೇಳುತ್ತದೆ. ಈ ಸಿಡಿತಗಳ ನಡುವಿನ ಅಂತರವನ್ನು ಗೋಡೆಯ ನೆರೆಹೊರೆಗಿಂತ ಪದರದ ಒಟ್ಟು ದಪ್ಪ ಮತ್ತು ಹೊರಗಿನ ವೇಗಗಳೇ ನಿರ್ಧರಿಸುತ್ತವೆಂದು ಅವರು ವಾದಿಸಿದರು. ಈ ತೀರ್ಮಾನ ಮುಂದೆ ಚರ್ಚೆಗೆ ಒಳಗಾಯಿತಾದರೂ, ಹೊರಗಿನದು ಒಳಗಿನದನ್ನು ಆಳಬಹುದೇ ಎಂಬ ಪ್ರಶ್ನೆ ಉಳಿದುಕೊಂಡಿತು. ಪದರದ ದಪ್ಪದ ಇಪ್ಪತ್ತು ಪಟ್ಟನ್ನೂ ಮೀರುವಷ್ಟು ಉದ್ದವಿರುವ, ಹಾವಿನಂತೆ ಬಳುಕುವ ವೇಗದ ಮತ್ತು ನಿಧಾನದ ಪಟ್ಟೆಗಳನ್ನು ಮೆಲ್ಬರ್ನ್‌ನ ನಿಕೋಲಸ್ ಹಚಿನ್ಸ್ ಮತ್ತು ಇವಾನ್ ಮರುಸಿಕ್ 2007ರಲ್ಲಿ ವಿವರಿಸಿದರು. ವೇಗದ ಪಟ್ಟೆಯ ಕೆಳಗೆ ಘರ್ಷಣೆ ಸರಾಸರಿಗಿಂತ ಏರಿ, ಗೋಡೆಯ ಬಳಿಯ ಕಿರುಸುಳಿಗಳೂ ಕೆರಳುತ್ತವೆ. ನಿಧಾನದ ಪಟ್ಟೆಯ ಕೆಳಗೆ ಎರಡೂ ತಗ್ಗುತ್ತವೆ. ಹರಿವಿನ ವೇಗವೂ ಮೇಲ್ಮೈಯ ಉದ್ದವೂ ಹೆಚ್ಚಿದಂತೆ ಘರ್ಷಣೆಯಲ್ಲಿ ಈ ದೊಡ್ಡ ರಚನೆಗಳ ಪಾಲೂ ಹೆಚ್ಚುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವಾಗ ಕರಾವಳಿಯಲ್ಲಿ ದಡಕ್ಕೇರಿದ ದೋಣಿಗಳ ತಳಕ್ಕಂಟಿದ ಚಿಪ್ಪನ್ನು ಕೆರೆದು ಬಣ್ಣ ಬಳಿಯುವುದು ಇದೇ ಘರ್ಷಣೆಯನ್ನು ತಗ್ಗಿಸುವ ಕೆಲಸ. ಆದರೆ ತಳ ಎಷ್ಟೇ ನುಣುಪಾದರೂ ಅದರಿಂದ ದೂರದಲ್ಲಿ ಸಾಗುವ ದೊಡ್ಡ ಪಟ್ಟೆಗಳು ಉಳಿದೇ ಇರುತ್ತವೆ. ಆದ್ದರಿಂದ ಎಳೆತವನ್ನು ಕಡಿಮೆ ಮಾಡಬಯಸುವವರು ಮೇಲ್ಮೈಯನ್ನಷ್ಟೇ ಅಲ್ಲ, ಅದರಾಚೆಗಿನ ಹರಿವನ್ನೂ ಓದಬೇಕು.